ಎರಡು ಸಾಲಿನ ಪ್ಯಾಚ್ ಮೇಂಟೇನರ್ ಕಣ್ಣಿಗೆ ಬೀಳಬೇಕಾದರೆ

ಹಾರ್ಡ್‌ವೇರ್ ನಡೆಸುವ ಒಂದು ಡ್ರೈವರ್‌ನಲ್ಲಿ ಮೆಮೊರಿ ಸೋರುತ್ತಿದೆ, ಅಂದರೆ ಪಡೆದ ಮೆಮೊರಿ ವಾಪಸಾಗುತ್ತಿಲ್ಲ. ತಿದ್ದಲು ಬೇಕಾದದ್ದು ಎರಡೇ ಸಾಲು. ಆ ತಿದ್ದುಪಡಿಯನ್ನು (ಪ್ಯಾಚ್) ಬರೆದು, ಆ ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗೆ ಕಳಿಸಿ ಮೂರು ವಾರ ಕಳೆದರೂ ಆ ಕಡೆಯಿಂದ ಸದ್ದಿಲ್ಲ. ಮೇಂಟೇನರ್‌ಗಳಿಗೆ ಜಂಭ ಎಂದು ಬೈದುಕೊಂಡು ಅಲ್ಲಿಗೇ ಕೈಬಿಡುವವರು ಬಹಳ. ಆದರೆ ಆ ಎರಡು ಸಾಲನ್ನು ಒಪ್ಪಬೇಕಾದರೆ ಮೇಂಟೇನರ್ ಏನೇನು ತಿಳಿದುಕೊಳ್ಳಬೇಕು ನೋಡಿ. ಇದು ನಿಜವಾಗಿಯೂ ಬಗ್ (ದೋಷ) ಹೌದೇ? ಯಾವ ಕಮಿಟ್‌ನಿಂದ (ಕೋಡಿನ ಇತಿಹಾಸದಲ್ಲಿ ದಾಖಲಾದ ಬದಲಾವಣೆ) ಬಂತು? ತಿದ್ದಿದರೆ ಇನ್ನೆಲ್ಲಾದರೂ ಒಡೆಯುತ್ತದೆಯೇ? ಯಾರಾದರೂ ಓಡಿಸಿ ನೋಡಿದ್ದಾರೆಯೇ? ಇಷ್ಟಕ್ಕೂ ಉತ್ತರ ಹುಡುಕಲು ಅರ್ಧ ದಿನ ಬೇಕು. ಆ ಅರ್ಧ ದಿನದ ಕೆಲಸವನ್ನು ಪ್ಯಾಚ್ ಕಳಿಸುವವರೇ ಮೊದಲು ಮುಗಿಸಿ, ಮೇಂಟೇನರ್‌ಗೆ ಐದು ನಿಮಿಷದ ಓದು ಮಾತ್ರ ಉಳಿಸಿದರೆ ಉತ್ತರ ಬರುವ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚು.

ಇಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅಲ್ಲಿ ಎಲ್ಲವೂ ಇಮೇಲ್‌ನಲ್ಲಿ ನಡೆಯುತ್ತದೆ, ಕಟ್ಟುಪಾಡು ಬಿಗಿ. ಅಲ್ಲಿ ಕೈ ಪಳಗಿದವರಿಗೆ ಗಿಟ್‌ಹಬ್ ಸಲೀಸು.

ಮೊದಲು ಹಳೆಯ ಮೇಲ್ ಹುಡುಕಿ

ಕರ್ನಲ್‌ನ ಸಣ್ಣ ಬಗ್‌ಗಳನ್ನು ಹುಡುಕುವ ಉಪಕರಣಗಳು ಎಲ್ಲರ ಕೈಯಲ್ಲೂ ಇವೆ. ಹಾಗಾಗಿ ಒಂದೇ ಸೋರಿಕೆಗೆ ಒಂದೇ ತಿಂಗಳಲ್ಲಿ ಮೂವರು ಪ್ಯಾಚ್ ಕಳಿಸುವುದುಂಟು. ಬರೆಯುವ ಮೊದಲು ಲೋರ್ ಎಂಬ ಮೇಲ್ ಸಂಗ್ರಹದಲ್ಲಿ ಆ ಫೈಲಿನ ಹೆಸರು, ಫಂಕ್ಷನ್ನಿನ ಹೆಸರು ಎರಡನ್ನೂ ಹಾಕಿ ಹುಡುಕಿ. ನಂತರ ಮುಂದಿನ ಬಿಡುಗಡೆಯ ಕೆಲಸ ಸೇರುವ ಲಿನಕ್ಸ್-ನೆಕ್ಸ್ಟ್ ಎಂಬ ಮರದಲ್ಲಿ (ಕೋಡ್ ಭಂಡಾರ) ಆ ಫೈಲ್ ತೆರೆದು ನೋಡಿ. ಉಬುಂಟು ಜೊತೆ ಬಂದ ಹಳೆಯ ಕರ್ನಲ್ ಸೋರ್ಸ್ ಮೇಲೆ ತಿದ್ದುಪಡಿ ಬರೆದರೆ ಅದು ಈಗಿನ ಮರದ ಮೇಲೆ ಕೂರುವುದೇ ಇಲ್ಲ. ಅಂಥದನ್ನು ಯಾರೂ ನಿಮಗಾಗಿ ಸರಿಮಾಡಿ ಹಚ್ಚುವುದಿಲ್ಲ. ಯಾವ ಮರದ ಮೇಲೆ ಕೆಲಸ ಮಾಡಬೇಕು ಎಂಬುದು ಮೇಂಟೇನರ್ಸ್ ಎಂಬ ಫೈಲಿನಲ್ಲಿ, ಆಯಾ ವಿಭಾಗದ 'ಟಿ' ಸಾಲಿನಲ್ಲಿ ಇರುತ್ತದೆ.

ಅದೇ ಫೈಲಿನ 'ಎಸ್' ಸಾಲನ್ನೂ ಓದಿ. ಸಪೋರ್ಟೆಡ್ ಅಥವಾ ಮೇಂಟೇನ್ಡ್ ಎಂದಿದ್ದರೆ ನೋಡಿಕೊಳ್ಳುವವರಿದ್ದಾರೆ. ಆಡ್ ಫಿಕ್ಸಸ್ ಎಂದಿದ್ದರೆ ಪುರುಸೊತ್ತಾದಾಗ ಮಾತ್ರ ನೋಡುತ್ತಾರೆ, ಅಷ್ಟು ತಾಳ್ಮೆ ಇಟ್ಟುಕೊಳ್ಳಿ. ಆರ್ಫನ್ ಎಂದಿದ್ದರೆ ಆ ಕೋಡಿಗೆ ಹೇಳುವವರು ಕೇಳುವವರು ಇಲ್ಲ. ಆಗ ಅದರ ಮೇಲಿನ ವಿಭಾಗದ ಮೇಂಟೇನರ್‌ಗೆ ಕಳಿಸಬೇಕು. ಅವರೂ ಸಿಗದಿದ್ದರೆ ಕೊನೆಯ ಆಸರೆಯಾಗಿ ಆಂಡ್ರೂ ಮಾರ್ಟನ್ ಇದ್ದಾರೆ ಎಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್‌ಗೆ ನೇರವಾಗಿ ಕಳಿಸುವ ಅಗತ್ಯ ಎರಡು ಸಾಲಿನ ತಿದ್ದುಪಡಿಗೆ ಬರುವುದಿಲ್ಲ.

ವಿಳಾಸಗಳನ್ನು ಊಹಿಸಬೇಡಿ. ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಗೆಟ್-ಮೇಂಟೇನರ್ ಎಂಬ ಪರ್ಲ್ ಸ್ಕ್ರಿಪ್ಟಿಗೆ ನಿಮ್ಮ ಪ್ಯಾಚ್ ಫೈಲನ್ನೇ ಕೊಟ್ಟರೆ ಅದು ಹೆಸರುಗಳ ಪಟ್ಟಿ ಕೊಡುತ್ತದೆ. ಮೇಂಟೇನರ್ ಎಂದು ಬಂದವರು 'ಟು' ಜಾಗಕ್ಕೆ. ರಿವ್ಯೂವರ್‌ಗಳು, ಮೇಲಿಂಗ್ ಲಿಸ್ಟ್‌ಗಳು 'ಸಿಸಿ'ಗೆ. ಅದು ಕೆಲವೊಮ್ಮೆ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಉಪಕರಣ) ಇತಿಹಾಸ ಕೆದಕಿ, ಹಿಂದೆಂದೋ ಆ ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಿಸಿದವರ ಹೆಸರನ್ನೂ ಕೊಡುತ್ತದೆ. ಅವರನ್ನೆಲ್ಲ ಎಳೆದು ತರಬೇಕಿಲ್ಲ. ಆದರೆ ನೀವು ತಿದ್ದುತ್ತಿರುವ ಬಗ್ ಯಾರ ಕಮಿಟ್‌ನಿಂದ ಬಂತೋ ಅವರನ್ನು ಮರೆಯದೆ ಸೇರಿಸಿ. ಮೇಂಟೇನರ್‌ಗಿಂತ ಮೊದಲು ಉತ್ತರ ಬರುವುದು ಅನೇಕ ಸಲ ಅವರಿಂದಲೇ.

ಕಮಿಟ್ ಸಂದೇಶ: ಸಮಯ ಹಾಕಬೇಕಾದದ್ದು ಇಲ್ಲಿ

ಎರಡು ಸಾಲಿನ ಪ್ಯಾಚ್‌ಗೆ ಹನ್ನೆರಡು ಸಾಲಿನ ಸಂದೇಶ ಇರುವುದು ವಿಚಿತ್ರವೇನಲ್ಲ, ಅದೇ ರೂಢಿ. ಕೋಡನ್ನು ಎಲ್ಲರೂ ಓದಬಲ್ಲರು. ಅದರ ಹಿಂದಿನ ಕಾರಣ ಸಂದೇಶದಲ್ಲಿ ಮಾತ್ರ ಸಿಗುತ್ತದೆ.

ತಲೆಬರಹದಿಂದ ಶುರು ಮಾಡಿ. ಆ ಫೈಲಿನ ಗಿಟ್ ಲಾಗ್ ತೆರೆದು ಕೊನೆಯ ಹತ್ತು ಕಮಿಟ್‌ಗಳ ಆರಂಭ ನೋಡಿ. ಪ್ರತಿ ವಿಭಾಗಕ್ಕೂ ಅದರದೇ ಮುಂಗುರುತು ಇರುತ್ತದೆ: ಎಲ್ಲಿ ಕೋಲನ್, ಎಲ್ಲಿ ಸಣ್ಣ ಅಕ್ಷರ, ಎಲ್ಲವೂ ಗೊತ್ತುಮಾಡಿದ್ದು. ಅದನ್ನೇ ಹಿಡಿಯಿರಿ. ಒಟ್ಟು ತಲೆಬರಹ 70ರಿಂದ 75 ಅಕ್ಷರ ಮೀರದಿರಲಿ. 'ಫಿಕ್ಸ್ ಬಗ್' ಎಂಬ ತಲೆಬರಹ ದಿನಕ್ಕೆ ನೂರಾರು ಮೇಲ್ ನೋಡುವವರಿಗೆ ಏನನ್ನೂ ಹೇಳುವುದಿಲ್ಲ. ಏನು ಒಡೆದಿದೆ, ಯಾವ ಸಂದರ್ಭದಲ್ಲಿ ಎಂಬುದು ಆ ಒಂದು ಸಾಲಿನಲ್ಲೇ ಇರಬೇಕು. ಕ್ರಿಯಾಪದ ಆಜ್ಞಾರ್ಥದಲ್ಲಿರಲಿ: ಬಿಡುಗಡೆ ಮಾಡು, ಪರೀಕ್ಷಿಸು, ತೆಗೆ. 'ನಾನು ಹೀಗೆ ಮಾಡಿದೆ' ಎಂಬ ವರದಿ ಧಾಟಿ ಅಲ್ಲಿ ನಡೆಯದು.

ಒಳಗಿನ ಮಾತು ನಾಲ್ಕು ಹೆಜ್ಜೆಯದು. ಕಾಲ್ಪನಿಕ ಡ್ರೈವರ್ ಒಂದರ ಸಂದೇಶದ ತಾತ್ಪರ್ಯ ಇಲ್ಲಿದೆ. ಪ್ರೋಬ್ ಎಂದರೆ ಸಾಧನವನ್ನು ಸಜ್ಜುಗೊಳಿಸುವ ಫಂಕ್ಷನ್, ಫಾಲ್ಟ್ ಇಂಜೆಕ್ಷನ್ ಎಂದರೆ ಬೇಕೆಂದೇ ವೈಫಲ್ಯ ಉಂಟುಮಾಡುವುದು, ಕೆಮೆಮ್‌ಲೀಕ್ ಸೋರಿಕೆ ಹುಡುಕುವ ಉಪಕರಣ. ಕಳಿಸುವಾಗ ಇಂಗ್ಲಿಷಿನಲ್ಲಿ, ಸಾಲಿಗೆ 75 ಅಕ್ಷರದೊಳಗೆ ಮುರಿದು ಬರೆಯಿರಿ:

> ಇಂಟರಪ್ಟ್ ಕೇಳುವ ಹಂತ ವಿಫಲವಾದರೆ ಪ್ರೋಬ್ ಫಂಕ್ಷನ್ ಅಲ್ಲಿಂದಲೇ ಹಿಂತಿರುಗುತ್ತದೆ. ಅದಕ್ಕೂ ಮೊದಲು ಪಡೆದ ಬಫರ್ ಬಿಡುಗಡೆಯಾಗುವುದಿಲ್ಲ.
>
> ಫಾಲ್ಟ್ ಇಂಜೆಕ್ಷನ್ ಹಾಕಿ ಆ ಹಂತವನ್ನು ಬೀಳಿಸಿದಾಗ ಕೆಮೆಮ್‌ಲೀಕ್ ಪ್ರತಿ ಪ್ರಯತ್ನಕ್ಕೂ ಒಂದು ಸೋರಿಕೆ ತೋರಿಸಿತು.
>
> ಆ ದಾರಿಯನ್ನು ಆಗಲೇ ಇರುವ ಎರರ್ ಲೇಬಲ್ಲಿಗೆ ತಿರುಗಿಸು. ಬಫರ್ ಅಲ್ಲಿ ಬಿಡುಗಡೆಯಾಗುತ್ತದೆ.
>
> ತಿದ್ದಿದ ಮೇಲೆ ಅದೇ ಪರೀಕ್ಷೆ ಇಪ್ಪತ್ತು ಸಲ ನಡೆಸಿದರೂ ಸೋರಿಕೆ ಕಾಣಲಿಲ್ಲ.

ಏನಾಗುತ್ತಿದೆ, ಹೇಗೆ ಗೊತ್ತಾಯಿತು, ಏನು ಬದಲಿಸಿದೆ, ಹೇಗೆ ಪರೀಕ್ಷಿಸಿದೆ. ಯಂತ್ರದ ಮೇಲೆ ಓಡಿಸಿ ನೋಡಲು ಆಗದಿದ್ದರೆ 'ಕಂಪೈಲ್ ಮಾತ್ರ ಮಾಡಿ ನೋಡಿದೆ' ಎಂದು ಬಿಚ್ಚಿ ಹೇಳಿ. ಅದನ್ನು ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಮುಂದಿನ ಹತ್ತು ಪ್ಯಾಚ್‌ಗಳ ಮೇಲೂ ಅನುಮಾನ ಬೀಳುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟ ಪ್ಯಾಚ್ ಕಳಿಸಿ ಪ್ರಯೋಗ ಮಾಡಿದ ವಿಚಾರ 2021ರ ಏಪ್ರಿಲ್‌ನಲ್ಲಿ ದೊಡ್ಡ ರಂಪವಾಯಿತು. ಎರರ್ ದಾರಿಯ ಪುಟ್ಟ ತಿದ್ದುಪಡಿಗಳನ್ನು ಅಂದಿನಿಂದ ಇನ್ನಷ್ಟು ಕಣ್ಣರಳಿಸಿ ನೋಡುತ್ತಾರೆ. ಹಾಗೆ ನೋಡುವುದರಲ್ಲಿ ತಪ್ಪೂ ಇಲ್ಲ: ಬಿಡುಗಡೆ ಮಾಡುವ ಸಾಲು ಸೇರಿಸಲು ಹೋಗಿ ಅದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವುದು ಹೊಸಬರು ಮಾಡುವ ಸಾಮಾನ್ಯ ಎಡವಟ್ಟು. 'ಡೆವ್‌ಎಮ್' ಎಂದು ಶುರುವಾಗುವ ಫಂಕ್ಷನ್‌ಗಳಿಂದ ಪಡೆದ ಮೆಮೊರಿ ಪ್ರೋಬ್ ವಿಫಲವಾದಾಗ ತಾನಾಗಿಯೇ ಬಿಡುಗಡೆಯಾಗುತ್ತದೆ. ಅಲ್ಲಿ ನೀವು ಕೈಹಾಕಿದರೆ ಇಲ್ಲದ ಬಗ್ ಹುಟ್ಟುತ್ತದೆ.

ಸಂದೇಶದ ಕೊನೆಯಲ್ಲಿ ಟ್ಯಾಗ್‌ಗಳು. 'ಫಿಕ್ಸಸ್' ಟ್ಯಾಗಿನಲ್ಲಿ ಬಗ್ ತಂದ ಕಮಿಟ್‌ನ ಗುರುತುಸಂಖ್ಯೆಯ ಮೊದಲ 12 ಅಕ್ಷರ, ಅದರ ಮುಂದೆ ಆವರಣ ಮತ್ತು ಉದ್ಧರಣ ಚಿಹ್ನೆಯೊಳಗೆ ಆ ಕಮಿಟ್‌ನ ತಲೆಬರಹ. ಎಷ್ಟೇ ಉದ್ದವಾದರೂ ಈ ಸಾಲನ್ನು ಮುರಿಯಬಾರದು, ಸ್ಕ್ರಿಪ್ಟ್‌ಗಳು ಅದನ್ನು ಓದುತ್ತವೆ. ಆ ಕಮಿಟ್ ಹುಡುಕಲು, ಪ್ರತಿ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ತೋರಿಸುವ ಗಿಟ್ ಬ್ಲೇಮ್ ಮೊದಲ ಮೆಟ್ಟಿಲು ಅಷ್ಟೇ. ಅದು ಕೆಲವೊಮ್ಮೆ ಬರೀ ಜಾಗ ಸರಿಸಿದ ಕಮಿಟ್ ತೋರಿಸುತ್ತದೆ. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು, ಆ ಸಾಲು ಮೊದಲು ಸೇರಿದ್ದು ಎಲ್ಲಿ ಎಂದು ನೋಡಿ. ಆಗಲೇ ಬಿಡುಗಡೆಯಾಗಿ ತಿದ್ದುಪಡಿ ಮಾತ್ರ ಪಡೆಯುವ ಹಳೆಯ ಸ್ಟೇಬಲ್ ಕರ್ನಲ್‌ಗಳಿಗೂ ಹೋಗಬೇಕಾದ ತಿದ್ದುಪಡಿಯಾದರೆ ಸ್ಟೇಬಲ್ ಲಿಸ್ಟಿನ ಸಿಸಿ ಟ್ಯಾಗ್ ಸೇರಿಸಿ. ಕೊನೆಗೆ 'ಸೈನ್ಡ್-ಆಫ್-ಬೈ'. ಈ ಕೋಡ್ ಕೊಡುವ ಹಕ್ಕು ನಿಮಗಿದೆ ಎಂಬ ಘೋಷಣೆ ಅದು. ಕೆಲಸದ ಸಮಯದಲ್ಲಿ ಬರೆದ ಕೋಡಾದರೆ ಕಂಪನಿಯ ಒಪ್ಪಿಗೆ ಮೊದಲು ಪಡೆಯಿರಿ.

ನಮ್ಮ ಕಡೆಯವರಿಗೆ ಇಲ್ಲೊಂದು ಪುಟ್ಟ ತೊಡಕು. ಇಮೇಲ್ ಖಾತೆಯಲ್ಲಿ ಇನಿಷಿಯಲ್ ಮೊದಲು, ಗಿಟ್ ಸೆಟ್ಟಿಂಗ್‌ನಲ್ಲಿ ಇನಿಷಿಯಲ್ ಕೊನೆಗೆ ಇದ್ದರೆ, ಕಳಿಸಿದವರ ಹೆಸರಿಗೂ ಸಹಿಗೂ ಹೊಂದುವುದಿಲ್ಲ ಎಂದು ಪ್ಯಾಚ್ ಪರಿಶೀಲಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಎಚ್ಚರಿಸುತ್ತದೆ. ಒಂದು ರೂಪ ಆರಿಸಿ, ಎಲ್ಲ ಕಡೆ ಅದನ್ನೇ ಇಡಿ.

ಮೇಲ್ ಕೆಡುವುದು ಹೀಗೆ

ಬ್ರೌಸರಿನಲ್ಲಿ ಜಿಮೇಲ್ ತೆರೆದು ಪ್ಯಾಚ್ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್‌ಗಳಾಗುತ್ತವೆ, ಉದ್ದ ಸಾಲುಗಳು ತುಂಡಾಗುತ್ತವೆ. ಅಂಥ ಪ್ಯಾಚ್ ಗಿಟ್‌ಗೆ ಹತ್ತುವುದಿಲ್ಲ. ಎಚ್‌ಟಿಎಂಎಲ್ ಮೇಲ್ ಆದರೆ ಕರ್ನಲ್‌ನ ಲಿಸ್ಟ್‌ಗಳು ಬಾಗಿಲಲ್ಲೇ ತಿರಸ್ಕರಿಸುತ್ತವೆ. ಲಿಸ್ಟಿಗೆ ತಲುಪಿಯೇ ಇಲ್ಲದ ಪ್ಯಾಚ್‌ಗೆ ಉತ್ತರ ಕಾಯುತ್ತ ಕುಳಿತವರೂ ಇದ್ದಾರೆ. ಕಚೇರಿಯ ಮೇಲ್ ಇನ್ನೂ ಕಷ್ಟ. 'ಈ ಸಂದೇಶ ಗೌಪ್ಯ, ನಿಮಗಲ್ಲದಿದ್ದರೆ ಅಳಿಸಿ' ಎಂಬ ಬಾಲ ತಾನಾಗಿ ಅಂಟಿಕೊಳ್ಳುತ್ತದೆ. ಗೌಪ್ಯವೆಂದು ಬರೆದ ಕೋಡನ್ನು ಸಾರ್ವಜನಿಕ ಮರಕ್ಕೆ ಸೇರಿಸಲು ಯಾರೂ ಮುಂದೆ ಬರುವುದಿಲ್ಲ.

ನೆಚ್ಚಬಹುದಾದ ದಾರಿ: ಗಿಟ್ ಸೆಂಡ್-ಇಮೇಲ್. ಜಿಮೇಲ್ ಬಳಸುವವರು ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಆ್ಯಪ್ ಪಾಸ್‌ವರ್ಡ್ ಪಡೆದು, ಎಸ್‌ಎಂಟಿಪಿ ಸರ್ವರ್ ಹೆಸರು ಮತ್ತು 587 ಪೋರ್ಟನ್ನು ಗಿಟ್ ಸೆಟ್ಟಿಂಗ್‌ಗೆ ಹಾಕಬೇಕು. ಕಳಿಸುವ ಮೊದಲು ಈ ಕ್ರಮ ಹಿಡಿಯಿರಿ:

1. ಗಿಟ್ ಫಾರ್ಮ್ಯಾಟ್-ಪ್ಯಾಚ್‌ನಿಂದ ಫೈಲ್ ಮಾಡಿ, ಚೆಕ್‌ಪ್ಯಾಚ್ ಓಡಿಸಿ. ಎರರ್ ಇದ್ದರೆ ತಿದ್ದಲೇಬೇಕು. ವಾರ್ನಿಂಗ್ ಇದ್ದರೆ ವಿವೇಚನೆ ಬಳಸಿ.
2. ಆ ಫೈಲನ್ನು ಮೊದಲು ನಿಮ್ಮ ವಿಳಾಸಕ್ಕೇ ಕಳಿಸಿ.
3. ಬಂದ ಮೇಲ್‌ನ ಮೂಲ ರೂಪವನ್ನು ಇಳಿಸಿಕೊಂಡು, ಹೊಸ ಬ್ರಾಂಚ್ ಮೇಲೆ ಗಿಟ್ ಎಎಮ್‌ನಿಂದ ಹಚ್ಚಿ. ಹತ್ತಿತೆಂದರೆ ಮೇಂಟೇನರ್ ಬಳಿಯೂ ಹತ್ತುತ್ತದೆ.
4. ಲಿಸ್ಟಿಗೆ ಕಳಿಸಿದ ಮೇಲೆ ಲೋರ್ ಸಂಗ್ರಹದಲ್ಲಿ ನಿಮ್ಮ ಮೇಲ್ ಕಾಣುತ್ತದೆಯೇ ನೋಡಿ. ಅಲ್ಲಿ ಕಾಣದಿದ್ದರೆ ಯಾರಿಗೂ ಕಂಡಿಲ್ಲ.

'ರೆಸ್ಪೆಕ್ಟೆಡ್ ಸರ್' ಬೇಡ. ಸಂಬೋಧನೆಯೇ ಇಲ್ಲದೆ ಪ್ಯಾಚ್ ಕಳಿಸುವುದು ಅಲ್ಲಿ ಅಗೌರವವಲ್ಲ. ಮೇಲ್‌ನ ಒಡಲೇ ಕಮಿಟ್ ಸಂದೇಶವಾಗುವುದರಿಂದ ನಮಸ್ಕಾರ ಬರೆದರೆ ಅದೂ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಏನಾದರೂ ಪಕ್ಕದ ಮಾತಿದ್ದರೆ ಸಂದೇಶದ ಕೆಳಗಿನ ಮೂರು ಅಡ್ಡಗೆರೆಯ ನಂತರ ಬರೆಯಿರಿ. ಅಲ್ಲಿನದು ಮೇಂಟೇನರ್ ಕಣ್ಣಿಗೆ ಬೀಳುತ್ತದೆ, ಕಮಿಟ್‌ಗೆ ಸೇರುವುದಿಲ್ಲ.

ಎಷ್ಟು ಕಾಯಬೇಕು, ಹೇಗೆ ನೆನಪಿಸಬೇಕು

ಕರ್ನಲ್‌ನ ಪಂಚಾಂಗ ತಿಳಿದಿರಲಿ. ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಪ್ರತಿ ಬಿಡುಗಡೆಯಾದ ಕೂಡಲೇ ಎರಡು ವಾರ ಮರ್ಜ್ ವಿಂಡೋ, ಅಂದರೆ ಹೊಸ ಕೆಲಸ ಮುಖ್ಯ ಮರಕ್ಕೆ ಸೇರುವ ಅವಧಿ. ಆ ಹೊತ್ತಿನಲ್ಲಿ ಮೇಂಟೇನರ್‌ಗಳು ಕೂಡಿಟ್ಟ ಕೆಲಸ ಮೇಲಕ್ಕೆ ಕಳಿಸುತ್ತಿರುತ್ತಾರೆ, ಹೊಸ ಪುಟ್ಟ ಪ್ಯಾಚ್ ನೋಡಲು ಪುರುಸೊತ್ತಿರುವುದಿಲ್ಲ. ಆ ಅವಧಿ ಮುಗಿದು ಮೊದಲ ಪರೀಕ್ಷಾ ಆವೃತ್ತಿಯಾದ ಆರ್‌ಸಿ1 ಬಂದ ಮೇಲೆ ಕಳಿಸಿದರೆ ಅದೇ ಪ್ಯಾಚ್‌ಗೆ ಬೇಗ ಉತ್ತರ ಬರುತ್ತದೆ. ನೆಟ್‌ವರ್ಕಿಂಗ್ ವಿಭಾಗದಲ್ಲಂತೂ ಹೊಸ ಕೆಲಸದ ಮರವಾದ ನೆಟ್-ನೆಕ್ಸ್ಟ್ ಆ ಎರಡು ವಾರ ಮುಚ್ಚಿರುತ್ತದೆ. ಬಗ್ ತಿದ್ದುಪಡಿ ನೆಟ್ ಮರಕ್ಕೆ, ಉಳಿದದ್ದು ನೆಟ್-ನೆಕ್ಸ್ಟ್‌ಗೆ. ಯಾವುದಕ್ಕೆ ಎಂದು ತಲೆಬರಹದ ಚೌಕ ಆವರಣದಲ್ಲೇ ಬರೆಯಬೇಕು. ಡಿಸೆಂಬರ್ ಕೊನೆಯ ವಾರ ಕಳಿಸಿದ್ದಕ್ಕೆ ಜನವರಿವರೆಗೆ ಏನನ್ನೂ ನಿರೀಕ್ಷಿಸಬೇಡಿ.

ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಪ್ರತಿಕ್ರಿಯೆ ಬರಬೇಕು. ಕನಿಷ್ಠ ಒಂದು ವಾರವಾದರೂ ಆಗದೆ ಜ್ಞಾಪಿಸಬಾರದು ಎಂಬುದು ಕರ್ನಲ್ ದಾಖಲೆಯ ಮಾತು. ಜ್ಞಾಪಿಸುವ ಮೊದಲು, ಪ್ಯಾಚ್‌ಗಳ ಸ್ಥಿತಿ ತೋರಿಸುವ ಪ್ಯಾಚ್‌ವರ್ಕ್ ತಾಣ ಬಳಸುವ ವಿಭಾಗವಾದರೆ ಅಲ್ಲಿ ನಿಮ್ಮ ಪ್ಯಾಚ್‌ನ ಸ್ಥಿತಿ ನೋಡಿ. 'ಚೇಂಜಸ್ ರಿಕ್ವೆಸ್ಟೆಡ್' ಎಂದಿದ್ದರೆ ಚೆಂಡು ನಿಮ್ಮ ಅಂಗಳದಲ್ಲಿದೆ. ಉತ್ತರದ ಮೇಲ್ ಸ್ಪ್ಯಾಮ್ ಫೋಲ್ಡರ್ ಸೇರಿರಬಹುದು.

ನೆನಪಿಸುವಾಗ ಅದೇ ಮೇಲ್ ಎಳೆಯಲ್ಲಿ (ಥ್ರೆಡ್), ಎಲ್ಲರಿಗೂ ಸೇರಿಸಿ ರಿಪ್ಲೈ ಮಾಡಿ. ಬರೀ 'ಪಿಂಗ್' ಎಂಬುದಕ್ಕಿಂತ ಒಂದು ಹೊಸ ವಿಷಯ ಇರಲಿ: 'ಈ ಪ್ಯಾಚ್ ಆರ್‌ಸಿ3ರ ಮೇಲೂ ಹಾಗೇ ಹತ್ತುತ್ತದೆ, ಪರೀಕ್ಷೆ ಮತ್ತೆ ನಡೆಸಿದೆ, ನೋಡಲು ಸಾಧ್ಯವೇ?' ಮತ್ತೆರಡು ವಾರ ಸುಮ್ಮನಿದ್ದರೆ ಈಗಿನ ಮರದ ಮೇಲೆ ಕೂರಿಸಿ, ತಲೆಬರಹದಲ್ಲಿ 'ರೀಸೆಂಡ್' ಎಂದು ಸೇರಿಸಿ ಪುನಃ ಕಳಿಸಿ. ಕೋಡ್ ಬದಲಾಗಿದ್ದರೆ ಅದು ರೀಸೆಂಡ್ ಅಲ್ಲ, ವಿ2 (ಎರಡನೆಯ ಆವೃತ್ತಿ). ವಿ2 ಕಳಿಸುವಾಗ ಪೂರ್ತಿ ಪ್ಯಾಚನ್ನು ಹೊಸ ಎಳೆಯಲ್ಲಿ ಕಳಿಸಿ, ಮೂರು ಅಡ್ಡಗೆರೆಯ ಕೆಳಗೆ ಏನು ಬದಲಾಯಿತು ಎಂದು ಬರೆದು ವಿ1ರ ಕೊಂಡಿ ಕೊಡಿ. ಯಾರಾದರೂ 'ರಿವ್ಯೂಡ್-ಬೈ' ಕೊಟ್ಟಿದ್ದರೆ ಅದನ್ನು ಹೊತ್ತು ತನ್ನಿ. ಬಿಟ್ಟರೆ ಅವರ ಶ್ರಮ ನೀರಿಗೆ ಹೋದಂತೆ. ಒಂದೇ ದಿನ ವಿ2, ವಿ3, ವಿ4 ಕಳಿಸಬೇಡಿ. ನೆಟ್‌ವರ್ಕಿಂಗ್‌ನಲ್ಲಿ ಎರಡು ಆವೃತ್ತಿಗಳ ನಡುವೆ 24 ಗಂಟೆ ಬಿಡಬೇಕೆಂದು ನಿಯಮವೇ ಇದೆ.

ಮೇಂಟೇನರ್‌ಗೆ ಲಿಂಕ್ಡ್‌ಇನ್‌ನಲ್ಲಿ ಸಂದೇಶ, ಎಕ್ಸ್‌ನಲ್ಲಿ ಟ್ಯಾಗ್, ಖಾಸಗಿ ಮೇಲ್: ಮೂರೂ ತಿರುಗುಬಾಣ. ಎಕ್ಸ್‌ಝಡ್ ಎಂಬ ಪುಟ್ಟ ಕಂಪ್ರೆಷನ್ ಯೋಜನೆಯಲ್ಲಿ ಅಪರಿಚಿತ ಖಾತೆಗಳು ಒಂಟಿ ಮೇಂಟೇನರ್ ಮೇಲೆ 'ಯಾಕಿಷ್ಟು ತಡ' ಎಂದು ಒತ್ತಡ ಹೇರಿ, ಬೇರೊಬ್ಬರಿಗೆ ಅಧಿಕಾರ ಸಿಗುವಂತೆ ಮಾಡಿದವು. ಹಾಗೆ ಅಧಿಕಾರ ಪಡೆದ ವ್ಯಕ್ತಿ ಸೇರಿಸಿದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಬಯಲಾದದ್ದು 2024ರ ಮಾರ್ಚ್‌ನಲ್ಲಿ. ಅವಸರಪಡಿಸುವ ಅಪರಿಚಿತರನ್ನು ಕಂಡರೆ ಈಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಕಳಿಸಲೇಬಾರದ ಸಣ್ಣ ತಿದ್ದುಪಡಿ

ಚೆಕ್‌ಪ್ಯಾಚ್ ಅನ್ನು ಹಳೆಯ ಫೈಲಿನ ಮೇಲೆ ಓಡಿಸಿದರೆ ನೂರು ವಾರ್ನಿಂಗ್ ಉದುರುತ್ತವೆ. ಅವನ್ನೇ ಪ್ಯಾಚ್ ಮಾಡಿ ಕಳಿಸುವ ಆಸೆ ಸಹಜ. ಬಹುತೇಕ ವಿಭಾಗಗಳಿಗೆ ಅದು ಬೇಡ. ಸ್ಪೇಸ್ ಸರಿಪಡಿಸಿದ ಸಾಲಿನ ಮೇಲೆ ಮುಂದೊಂದು ದಿನ ನಿಜವಾದ ತಿದ್ದುಪಡಿ ಬಂದರೆ, ಅದನ್ನು ಹಳೆಯ ಸ್ಟೇಬಲ್ ಕರ್ನಲ್‌ಗೆ ಒಯ್ಯುವಾಗ ಸಾಲುಗಳು ಹೊಂದದೆ ಯಾರೋ ಕೈಯಲ್ಲಿ ಬಿಡಿಸಬೇಕಾಗುತ್ತದೆ. ನೆಟ್‌ವರ್ಕಿಂಗ್ ವಿಭಾಗ ಇಂಥ ಬಿಡಿ ಶುಚಿಕಾರ್ಯ ಬೇಡವೆಂದು ಬರೆದೇ ಇಟ್ಟಿದೆ. ಶೈಲಿ ತಿದ್ದುಪಡಿಯಿಂದಲೇ ಅಭ್ಯಾಸ ಮಾಡಬೇಕೆಂದರೆ ಡ್ರೈವರ್ಸ್ ಒಳಗಿನ ಸ್ಟೇಜಿಂಗ್ ಫೋಲ್ಡರ್ ಇದೆ, ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅದನ್ನು ನೋಡಿಕೊಳ್ಳುತ್ತಾರೆ. ಹೊಸಬರನ್ನು ಅಲ್ಲಿ ಸ್ವಾಗತಿಸುತ್ತಾರೆ. ಒಂದು ಪ್ಯಾಚ್‌ಗೆ ಒಂದೇ ಬಗೆಯ ಬದಲಾವಣೆ ಎಂಬ ನಿಯಮ ಅಲ್ಲಿಯೂ ಸಡಿಲವಿಲ್ಲ.

ಗಿಟ್‌ಹಬ್‌ನಲ್ಲಿ

ಸಾಧನ ಬೇರೆ, ಲೆಕ್ಕ ಅದೇ. ಕೊಡುಗೆಯ ನಿಯಮಗಳಿರುವ ಕಾಂಟ್ರಿಬ್ಯೂಟಿಂಗ್ ಫೈಲ್ ಓದಿ. ಪರವಾನಗಿ ಒಪ್ಪಂದಕ್ಕೆ ಸಹಿ ಕೇಳುವ ಬಾಟ್ ಇದ್ದರೆ ಆ ದಿನವೇ ಮುಗಿಸಿ, ಸಹಿಯಿಲ್ಲದ ಪುಲ್ ರಿಕ್ವೆಸ್ಟನ್ನು (ಗಿಟ್‌ಹಬ್‌ನಲ್ಲಿ ತಿದ್ದುಪಡಿ ಸೇರಿಸಿಕೊಳ್ಳಲು ಕೊಡುವ ಕೋರಿಕೆ) ಅನೇಕರು ತೆರೆಯುವುದೇ ಇಲ್ಲ. ಮೊದಲ ಸಲ ಬಂದವರ ಪುಲ್ ರಿಕ್ವೆಸ್ಟಿಗೆ ಸ್ವಯಂಚಾಲಿತ ಪರೀಕ್ಷೆಗಳು ಮೇಂಟೇನರ್ ಒಪ್ಪಿಗೆ ಕೊಡುವವರೆಗೆ ಓಡದಂತೆ ಇಟ್ಟಿರುವುದು ಸಾಮಾನ್ಯ. ಹಸಿರು ಗುರುತು ಕಾಣದಿದ್ದಾಗ ಭರವಸೆ ಕೊಡಬೇಕಾದವರು ನೀವೇ: ಯಾವ ಕಮಾಂಡ್ ಓಡಿಸಿದಿರಿ, ಏನು ಬಂತು ಎಂದು ವಿವರಣೆಯಲ್ಲಿ ಅಂಟಿಸಿ. ಮೇಂಟೇನರ್‌ಗಳು ತಿದ್ದಬಹುದು ಎಂಬ ಚೌಕಕ್ಕೆ ಗುರುತು ಹಾಕಿಡಿ; ಒಂದು ಅಕ್ಷರದ ಕೊರತೆಗೆ ಇನ್ನೊಂದು ಸುತ್ತಿನ ಓಡಾಟ ತಪ್ಪುತ್ತದೆ. ಡ್ರಾಫ್ಟ್ ಸ್ಥಿತಿಯಲ್ಲಿ ಬಿಟ್ಟರೆ ರಿವ್ಯೂ ಮಾಡಬೇಕಾದವರಿಗೆ ಕೋರಿಕೆ ತಾನಾಗಿ ಹೋಗುವುದಿಲ್ಲ. ಇದು ಬಹಳ ಜನ ಮರೆಯುವ ಸಂಗತಿ.

ಬಗ್ ದಾಖಲಿಸಿದ ಇಶ್ಯೂ ಪುಟದ ಕೆಳಗೆ 'ನನಗೆ ಅಸೈನ್ ಮಾಡಿ' ಎಂದು ಬರೆದು ಕೂರುವುದು ನಮ್ಮಲ್ಲಿ ಅಂಟುಜಾಡ್ಯ. ಎರಡು ಸಾಲಿನ ಕೆಲಸಕ್ಕೆ ಅನುಮತಿ ಕೇಳುವ ಹೊತ್ತಿನಲ್ಲಿ ಕೆಲಸವೇ ಮುಗಿಯುತ್ತದೆ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಆ ಆಸೆಗೆ, ಯೋಜನೆಯ ಪರಿಚಯವಿರುವ ರೀಡ್‌ಮಿ ಫೈಲಿಗೆ ವಿಶೇಷಣ ಸೇರಿಸುವ ಪುಲ್ ರಿಕ್ವೆಸ್ಟ್‌ಗಳ ಪ್ರವಾಹ ಬಂದು, ಒಪ್ಪಿದ ಯೋಜನೆಗಳು ಮಾತ್ರ ಭಾಗವಹಿಸುವಂತೆ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಯ ರೀಡ್‌ಮಿಗೆ ತಮ್ಮ ಹೆಸರು ಬರೆದು ಕಳಿಸಿದವರ ಸಾಲೂ ಹಾಗೆಯೇ. ರೀಡ್‌ಮಿ ತಿದ್ದುವ ಹೊಸ ಖಾತೆ ಕಂಡ ಕೂಡಲೇ ಮುಚ್ಚುವ ಅಭ್ಯಾಸ ಅದರಿಂದ ಬಂದದ್ದು. ಕಾಗುಣಿತ ದೋಷ ಒಂದು ಸಿಕ್ಕರೆ ಆ ಇಡೀ ಪುಟ ಓದಿ, ಇರುವುದನ್ನೆಲ್ಲ ಒಂದೇ ಸಲ ತಿದ್ದಿ. ತಿದ್ದುವ ಫೈಲ್ ಬೇರೊಂದರಿಂದ ತಯಾರಾದದ್ದೋ, ಇನ್ನೊಂದು ಯೋಜನೆಯಿಂದ ನಕಲಾದದ್ದೋ ನೋಡಿಕೊಳ್ಳಿ. ಹಾಗಿದ್ದರೆ ಮೂಲಕ್ಕೆ ಹೋಗಿ.

ಕನ್ನಡದ ದೋಷಗಳು

ತೆರೆಯ ಮೇಲೆ ಕಾಣುವ ಇಂಗ್ಲಿಷ್ ವಾಕ್ಯದಲ್ಲಿ ಒಂದು ಅಕ್ಷರ ತಿದ್ದಲು ಮೇಂಟೇನರ್ ಹಿಂಜರಿದರೆ ಆಶ್ಚರ್ಯಪಡಬೇಡಿ. ಅನುವಾದಗಳನ್ನು ಇಡುವ ಪಿಒ ಫೈಲ್ ಪದ್ಧತಿಯಲ್ಲಿ ಮೂಲವಾಕ್ಯವೇ ಕೀಲಿ; ಅದು ಬದಲಾದರೆ ಎಲ್ಲ ಭಾಷೆಗಳ ಅನುವಾದವೂ ಒಮ್ಮೆಗೇ 'ಫಜಿ' (ಮತ್ತೆ ಪರಿಶೀಲಿಸಬೇಕಾದದ್ದು) ಆಗುತ್ತದೆ. ಬಿಡುಗಡೆಗೆ ಮುನ್ನ ವಾಕ್ಯಗಳನ್ನು ಬದಲಿಸದ ಸ್ಟ್ರಿಂಗ್ ಫ್ರೀಜ್ ಇರುವಾಗ ಅದು ಆಗುವ ಮಾತಲ್ಲ. ಕನ್ನಡ ಅನುವಾದದ ತಪ್ಪನ್ನು ಕೋಡ್ ಭಂಡಾರದಲ್ಲಿ ನೇರವಾಗಿ ತಿದ್ದುವುದೂ ಹೆಚ್ಚಿನ ಕಡೆ ವ್ಯರ್ಥ. ವಿಕಿಪೀಡಿಯ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಅನುವಾದ ಟ್ರಾನ್ಸ್‌ಲೇಟ್‌ವಿಕಿಯಲ್ಲಿ, ಲಿಬ್ರೆಆಫೀಸ್‌ನದು ವೆಬ್ಲೇಟ್‌ನಲ್ಲಿ ನಡೆಯುತ್ತದೆ. ತಿದ್ದುಪಡಿ ಅಲ್ಲೇ ಆಗಬೇಕು.

ಅಕ್ಷರ ಒಡೆದು ಕಾಣುವ ಬಗ್ ಇನ್ನೊಂದು ಬಗೆ. 'ರ‍್ಯಾಂಕ್' ಎಂಬಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು, ಬದಲಿಗೆ ಅರ್ಕಾವೊತ್ತು ಬಂದಿದೆ ಎನ್ನಿ. ಮೇಂಟೇನರ್‌ಗೆ ಕನ್ನಡ ಬರುವುದಿಲ್ಲ. ಎರಡು ಚಿತ್ರ ಅಕ್ಕಪಕ್ಕ ಇಟ್ಟು ಯಾವುದು ಸರಿ ಎಂದು ಬಾಣ ಹಾಕಿ. ಪಠ್ಯವನ್ನು ಚಿತ್ರವಾಗಿ ಮಾತ್ರವಲ್ಲದೆ ಅಕ್ಷರವಾಗಿಯೂ ಕೊಡಿ. ಅದರ ಯೂನಿಕೋಡ್ ಕ್ರಮ ಬರೆಯಿರಿ: ರ, ಝೀರೋ ವಿಡ್ತ್ ಜಾಯ್ನರ್ (ಕಣ್ಣಿಗೆ ಕಾಣದ ಜೋಡಕ ಚಿಹ್ನೆ), ವಿರಾಮ (ಹಲಂತ ಚಿಹ್ನೆ), ಯ. ಜಾಯ್ನರ್ ವಿರಾಮಕ್ಕಿಂತ ಮೊದಲು ಬರಬೇಕೆಂಬುದು ಯೂನಿಕೋಡ್ ಮಾನಕದಲ್ಲೇ ಇದೆ, ಅದನ್ನು ಉಲ್ಲೇಖಿಸಿದರೆ ವಾದಕ್ಕೆ ಜಾಗವಿಲ್ಲ. ಮುಖ್ಯವಾಗಿ ತಪ್ಪು ಎಲ್ಲಿದೆ ಎಂದು ನೀವೇ ಸೋಸಿ. ಫಾಂಟ್ ಬದಲಿಸಿದರೆ ಸರಿಹೋಯಿತೇ? ದೋಷ ಬಹುಶಃ ಫಾಂಟಿನದು. ಅದೇ ಫಾಂಟ್ ಮತ್ತು ಪಠ್ಯವನ್ನು ಅಕ್ಷರ ಜೋಡಿಸಿ ತೋರಿಸುವ ಹಾರ್ಫ್‌ಬಝ್ ಲೈಬ್ರರಿಯ ಜೊತೆ ಬರುವ ಎಚ್‌ಬಿ-ವ್ಯೂಗೆ ಕೊಟ್ಟಾಗ ಸರಿಯಾಗಿ ಕಂಡರೆ ತಪ್ಪು ಆ ಆ್ಯಪ್‌ನಲ್ಲಿದೆ. ಎಲ್ಲ ಫಾಂಟ್‌ನಲ್ಲೂ ಎಚ್‌ಬಿ-ವ್ಯೂ ಕೂಡ ತಪ್ಪು ತೋರಿಸಿದರೆ ಮಾತ್ರ ಹಾರ್ಫ್‌ಬಝ್ ಬಾಗಿಲು ಬಡಿಯಿರಿ. ಕನ್ನಡದ ಬಗ್‌ಗಳು ವರ್ಷಗಟ್ಟಲೆ ಕೊಳೆಯುವುದು ಹೆಚ್ಚಾಗಿ ತಪ್ಪು ಬಾಗಿಲಲ್ಲಿ ಬಿದ್ದಿರುವುದರಿಂದ.

ಒಪ್ಪಿಗೆ ಬಂದ ಮೇಲೆ

'ಅಪ್ಲೈಡ್, ಥ್ಯಾಂಕ್ಸ್' ಎಂಬ ಎರಡು ಪದ ಬಂದರೆ ಕೆಲಸ ಆಯಿತು. ಅದಕ್ಕೆ ಮತ್ತೆ ಧನ್ಯವಾದದ ಮೇಲ್ ಬೇಡ, ಲಿಸ್ಟಿನಲ್ಲಿರುವ ಸಾವಿರಾರು ಜನರಿಗೂ ಅದು ಹೋಗುತ್ತದೆ. ಕೆಲವು ದಿನಗಳಲ್ಲಿ ಲಿನಕ್ಸ್-ನೆಕ್ಸ್ಟ್‌ನಲ್ಲಿ ನಿಮ್ಮ ಕಮಿಟ್ ಕಾಣಬೇಕು. ಆ ವಾರ ಮೇಲ್ ಮೇಲೆ ಕಣ್ಣಿಡಿ: ಬೇರೆ ಪ್ರೊಸೆಸರ್‌ನಲ್ಲಿ ಬಿಲ್ಡ್ ಮುರಿದರೆ ಪರೀಕ್ಷಾ ರೋಬಾಟ್‌ನ ವರದಿ ನೇರ ನಿಮಗೇ ಬರುತ್ತದೆ. ಅದಕ್ಕೆ ಒಂದೆರಡು ದಿನದಲ್ಲಿ ತಿದ್ದುಪಡಿ ಕಳಿಸಿದವರ ಹೆಸರು ಮೇಂಟೇನರ್‌ಗೆ ನೆನಪಿರುತ್ತದೆ. ಅದೇ ಡ್ರೈವರ್‌ಗೆ ಬೇರೆಯವರು ಕಳಿಸಿದ ಪ್ಯಾಚ್ ಲಿಸ್ಟಿನಲ್ಲಿ ಕಂಡು, ಆ ಹಾರ್ಡ್‌ವೇರ್ ನಿಮ್ಮ ಮೇಜಿನ ಮೇಲಿದ್ದರೆ, ಓಡಿಸಿ ನೋಡಿ 'ಟೆಸ್ಟೆಡ್-ಬೈ' ಕಳಿಸಿ.